ಸೋಲಾರ್ ನೀರು ಬೆಳಿಗ್ಗೆ ಉಗುರುಬೆಚ್ಚಗೆ ಬರ್ತಿದೆ: ತೊಂದರೆ ಎಲ್ಲಿದೆ ಅಂತ ನಾವೇ ಅಳೆದು ನೋಡೋದು ಹೇಗೆ?

ಶಿರಾಗೇಟ್_ತುಮಕೂರು

ಎಲ್ಲರಿಗೂ ನಮಸ್ಕಾರ. ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ. ತಾರಸಿಯಲ್ಲಿ 200 ಲೀಟರಿನ ಟ್ಯೂಬ್ ಸೋಲಾರ್ ಇದೆ, 20 ಗಾಜಿನ ಟ್ಯೂಬ್. ಮೇಲೆ ನಾವು ನಾಲ್ಕು ಜನ, ಕೆಳಗಿನ ಮನೆಯಲ್ಲಿ ಬಾಡಿಗೆಯವರು ಮೂರು ಜನ. ಎರಡೂ ಮನೆಗೆ ಇದೊಂದೇ ಸೋಲಾರ್. ಮುಂಚೆ ಬೆಳಿಗ್ಗೆ ಅರ್ಧ ಬಕೆಟ್ ತಣ್ಣೀರು ಬೆರೆಸದೆ ಸ್ನಾನ ಮಾಡಲು ಆಗುತ್ತಿರಲಿಲ್ಲ. ಈಗ ಬರೀ ಸೋಲಾರ್ ನಲ್ಲಿ ಬಿಟ್ಟರೂ ಉಗುರುಬೆಚ್ಚಗೆ. ಮೊದಲು ಏಳುವವರಿಗೂ ಅಷ್ಟೇ, ಕೊನೆಯವರಿಗೂ ಅಷ್ಟೇ.

ಸರ್ವಿಸ್‌ನವರು ಮೊದಲು ಬಂದಾಗ "ಮೋಡ ಸರ್" ಅಂದರು. ಮೋಡ ಹೋಗಿ ಬಿಸಿಲು ಬಂತು, ನೀರು ಹಾಗೇ ಇತ್ತು. ಮತ್ತೆ ಬಂದು "ಟ್ಯೂಬ್ ಎಲ್ಲಾ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಿ" ಅಂದರು. ಒಂದು ಥರ್ಮಾಮೀಟರ್ ಕೂಡ ತೆಗೆಯಲಿಲ್ಲ, ಕೈ ಅದ್ದಿ ನೋಡಿ ಹೇಳಿದ್ದು. ಕರೆಂಟಿಗೆ ಮೀಟರ್ ಇದೆ, ಗ್ಯಾಸ್ ಸಿಲಿಂಡರ್ ಆದರೆ ತೂಕ ಹಾಕಬಹುದು. ಸೋಲಾರ್ ಚೆನ್ನಾಗಿ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ಹೇಳುವಂಥದ್ದು ಏನಿದೆ? ದುಡ್ಡು ಸುರಿಯುವ ಮುಂಚೆ ನಾನೇ ಅಳೆಯಬೇಕು ಅಂತಿದ್ದೀನಿ.

ಬೈಪಾಸ್_ಬಾಬು

ಏಳು ಜನಕ್ಕೆ 200 ಲೀಟರ್ ಎಲ್ಲಿ ಸಾಲುತ್ತೆ ಸರ್? ಇದಕ್ಕೆ ಅಳತೆ ಬೇರೆ ಯಾಕೆ. ಹಿತ್ತಲಲ್ಲಿ ಹಂಡೆ ಒಲೆ ಹಾಕಿಸಿ, ತೆಂಗಿನ ಗರಿ ನಮ್ಮ ಜಿಲ್ಲೆಯಲ್ಲಿ ಪುಕ್ಕಟೆ.

ತಿಪಟೂರು_ಮೇಷ್ಟ್ರು

ಬಾಬು ಅವರೇ, ಲೆಕ್ಕ ಹಾಕೋಣ. ಟ್ಯಾಂಕಿನಲ್ಲಿ 55 ಡಿಗ್ರಿ ನೀರು 200 ಲೀಟರ್ ಇದೆ, ತಣ್ಣೀರು 22 ಡಿಗ್ರಿ ಅಂತಿಟ್ಟುಕೊಳ್ಳಿ. ಸ್ನಾನಕ್ಕೆ 40 ಡಿಗ್ರಿ ಸಾಕು. ಬೆರೆಸಿದರೆ ಸುಮಾರು 365 ಲೀಟರ್ ಆಗುತ್ತದೆ. ತಲೆಗೆ 50 ಲೀಟರ್ ಅಂದರೂ ಏಳು ಜನಕ್ಕೆ ಸಾಕು. ಶವರ್ ಕೆಳಗೆ ನಿಂತು ಹಾಡು ಹೇಳುವವರು ಇದ್ದರೆ ಮಾತು ಬೇರೆ. ಅದೂ ಅಲ್ಲದೆ, ನೀರು ಸಾಲದೆ ಹೋದರೆ ಕೊನೆಯವರಿಗೆ ಮಾತ್ರ ತಣ್ಣಗೆ ಬರಬೇಕು. ಇವರಿಗೆ ಮೊದಲ ಬಕೆಟ್ಟೇ ಉಗುರುಬೆಚ್ಚಗೆ. ಹಾಗಾಗಿ ತೊಂದರೆ ಬೇರೆ ಕಡೆ ಇದೆ.

ಶಿರಾಗೇಟ್ ಅವರೇ, ನೀರು ಎಷ್ಟು ಬಿಸಿ ಅಂತ ಮಾತ್ರ ನೋಡಬೇಡಿ. ಎಷ್ಟು ಏರಿತು ಅಂತ ನೋಡಿ. ಬೆಳಿಗ್ಗೆ ಸೋಲಾರ್‌ಗೆ ಹೋಗುವ ತಣ್ಣೀರು ಎಷ್ಟು ಡಿಗ್ರಿ, ಸಂಜೆ ಬಿಸಿನೀರು ಎಷ್ಟು ಡಿಗ್ರಿ, ಎರಡರ ವ್ಯತ್ಯಾಸವೇ ಅವತ್ತಿನ ಸಂಪಾದನೆ. ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರೇ 30 ಇರುತ್ತದೆ. ಆಗ 58 ಬಂದರೆ ಏರಿದ್ದು 28. ಡಿಸೆಂಬರ್‌ನಲ್ಲಿ ತಣ್ಣೀರು 20 ಇದ್ದು 52 ಬಂದರೆ ಏರಿದ್ದು 32. ಕೈಗೆ ಏಪ್ರಿಲ್ ನೀರು ಜಾಸ್ತಿ ಬಿಸಿ ಅನ್ನಿಸುತ್ತೆ, ಆದರೆ ಜಾಸ್ತಿ ಕೆಲಸ ಮಾಡಿದ್ದು ಡಿಸೆಂಬರ್‌ನಲ್ಲಿ. ಇದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಊರುಗಳೆಲ್ಲ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಅದಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಸೇರಿಸಿ ದಕ್ಷಿಣಕ್ಕೆ ಓರೆಯಾಗಿ ಕೂರಿಸುತ್ತಾರೆ. ಚಳಿಗಾಲದಲ್ಲಿ ಸೂರ್ಯ ಕೆಳಗೆ ಇರುವಾಗ ಬಿಸಿಲು ನೇರ ಬೀಳಲಿ ಅಂತ.

ಯೂನಿಟ್ ಲೆಕ್ಕ ಬೇಕಾದರೆ ಅದೂ ಸುಲಭ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಅವರ್ ಬೇಕು. ಸಾವಿರ ವಾಟ್-ಅವರ್ ಅಂದರೆ ಒಂದು ಯೂನಿಟ್. 200 ಲೀಟರ್ 30 ಡಿಗ್ರಿ ಏರಿದರೆ ಸುಮಾರು 7 ಯೂನಿಟ್. ಅಷ್ಟನ್ನು ಗೀಸರ್‌ನಲ್ಲಿ ಕಾಯಿಸಿದ್ದರೆ ಮೀಟರ್ ಅಷ್ಟು ಓಡುತ್ತಿತ್ತು. ಒಳ್ಳೆ ಬಿಸಿಲಿನ ದಿನ ಒಂದು ಚದರ ಮೀಟರ್ ಮೇಲೆ 5 ಯೂನಿಟ್‌ಗೂ ಸ್ವಲ್ಪ ಮೇಲೆ ಬೀಳುತ್ತದೆ. ನಿಮ್ಮ ಟ್ಯೂಬ್‌ಗಳು ಸುಮಾರು 3 ಚದರ ಮೀಟರ್. ಬಿದ್ದದ್ದರಲ್ಲಿ ಅರ್ಧ ನೀರಿಗೆ ಇಳಿದರೂ 7-8 ಯೂನಿಟ್. ಬಿಸಿಲಿನ ದಿನ 30 ಡಿಗ್ರಿ ಏರದಿದ್ದರೆ ಅನುಮಾನ ಪಡಿ.

ಚಿಂತಾಮಣಿ_ಗೃಹಿಣಿ

ಮೇಷ್ಟ್ರು ಹೇಳಿದ್ದನ್ನೇ ನಾನು ಲೆಕ್ಕ ಗೊತ್ತಿಲ್ಲದೆ ಮಾಡುತ್ತಾ ಬಂದಿದ್ದೀನಿ. ಅಡುಗೆಗೆ ಬರುವ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ, ಚುಚ್ಚಿ ನೋಡುವಂಥದ್ದು. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 42-43ಕ್ಕೆ ಮುಗೀತು. ನಮ್ಮ ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ. ತಣ್ಣೀರು, ಸಂಜೆ ಬಿಸಿ, ಬೆಳಿಗ್ಗೆ ಬಿಸಿ. ಮೋಡ ಇದ್ದರೆ "ಮೋ", ಬಿಸಿಲಿದ್ದರೆ "ಬಿ". ದಿನಾ ಬೇಕಿಲ್ಲ, ಆಗೊಮ್ಮೆ ಈಗೊಮ್ಮೆ ಸಾಕು. ಆದರೆ "ಮೋ", "ಬಿ" ಬರೆಯುವುದು ಮರೆಯಬೇಡಿ. ಅದಿಲ್ಲದಿದ್ದರೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದರೆ ಸಾಕು, ನಾಲ್ಕೈದು ದಿನ ಬಿಸಿಲೇ ಕಾಣಲ್ಲ. ಆ ದಿನಗಳ ಅಂಕಿ ಹಿಡಿದು ಸೋಲಾರ್ ಕೆಟ್ಟಿದೆ ಅಂದರೆ ತಪ್ಪಾಗುತ್ತೆ.

ಇನ್ನೊಂದು. ನಲ್ಲಿ ತಿರುಗಿಸಿದ ತಕ್ಷಣ ಅಳೆಯಬೇಡಿ. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಮೊದಲು ಬರುತ್ತೆ. ಅದನ್ನು ಗಿಡಕ್ಕೆ ಹಾಕಿ, ಆಮೇಲೆ ಅಳೆಯಿರಿ.

ಮಾಲೂರು_ಪ್ಲಂಬರ್

ಅಣ್ಣ, ನಾನು ಈ ಕೆಲಸದಲ್ಲೇ ಇರೋನು. ಯಾರೂ ಹೇಳದ ಒಂದು ಮಾತು ಮೊದಲು ಹೇಳ್ತೀನಿ. ಟ್ಯಾಂಕಿನಲ್ಲಿ ಕರೆಂಟ್ ಕಾಯಿಲ್ ಇದೆಯಾ? ಇದ್ದರೆ ಅದರ ಎಂಸಿಬಿ ಆಫ್ ಮಾಡಿ, ಆಮೇಲೆ ಅಳೆಯಿರಿ. ಎಷ್ಟೋ ಮನೆಗಳಲ್ಲಿ ಸೋಲಾರ್ ಚೆನ್ನಾಗಿದೆ, ಯಾವಾಗಲೂ 60 ಡಿಗ್ರಿ ಅಂತಾರೆ. ಹೋಗಿ ನೋಡಿದರೆ ಬ್ಯಾಕಪ್ ಆನ್ ಇರುತ್ತೆ, ಥರ್ಮೋಸ್ಟಾಟ್ 60ಕ್ಕೆ ಇರುತ್ತೆ. ಟ್ಯೂಬ್ ಒಡೆದರೂ ಅವರಿಗೆ ಗೊತ್ತಾಗಲ್ಲ, ಕರೆಂಟ್ ಬಿಲ್ ಮಾತ್ರ ಏರ್ತಾ ಹೋಗುತ್ತೆ. 2 ಕಿಲೋವಾಟ್ ಕಾಯಿಲ್ ಒಂದು ಗಂಟೆ ಓಡಿದರೆ 2 ಯೂನಿಟ್.

ಟ್ಯೂಬ್ ಎಲ್ಲಾ ಹೋಗಿದೆ ಅಂದರಲ್ಲ, ಅದನ್ನು ನೀವೇ ನೋಡಬಹುದು. ಮಧ್ಯಾಹ್ನ ಬಿಸಿಲಲ್ಲಿ ಒಂದೊಂದು ಟ್ಯೂಬಿನ ಹೊರ ಗಾಜನ್ನು ಹುಷಾರಾಗಿ ಮುಟ್ಟಿ. ಒಳಗೆ ನೀರು ಕುದಿಯುವಷ್ಟು ಇದ್ದರೂ ಹೊರಗಡೆ ಗಾಜು ತಣ್ಣಗೇ ಇರಬೇಕು. ಎರಡು ಗಾಜಿನ ನಡುವೆ ಗಾಳಿ ಇಲ್ಲ, ಬಿಸಿ ಹೊರಗೆ ಬರಲ್ಲ. ಯಾವುದಾದರೂ ಟ್ಯೂಬ್ ಹೊರಗೆ ಸುಡ್ತಾ ಇದ್ದರೆ ಅದರ ವ್ಯಾಕ್ಯೂಮ್ ಹೋಗಿದೆ. ಕೆಳ ತುದಿಯಲ್ಲಿ ಕನ್ನಡಿ ತರ ಬೆಳ್ಳಿ ಬಣ್ಣ ಇರುತ್ತೆ, ಗಾಳಿ ಒಳಗೆ ಹೋದರೆ ಅದು ಹಾಲಿನ ಹಾಗೆ ಬೆಳ್ಳಗಾಗುತ್ತೆ. ಆ ತುದಿ ಟ್ಯೂಬ್ ಹಿಡಿಯೋ ಕಪ್ ಒಳಗೆ ಕೂತಿದ್ದರೆ ಬಗ್ಗಿ ನೋಡಬೇಕಾಗುತ್ತೆ. 20ರಲ್ಲಿ 20 ಒಟ್ಟಿಗೆ ಹೋಗೋದನ್ನು ನಾನಂತೂ ನೋಡಿಲ್ಲ.

ಶಿರಾಗೇಟ್_ತುಮಕೂರು

ಧನ್ಯವಾದ ಅಣ್ಣ. ಕಾಯಿಲ್ ಇದೆ, ಎಂಸಿಬಿ ಆಫ್ ಮಾಡಿದೆ. ಮಧ್ಯಾಹ್ನ ಟ್ಯೂಬ್ ಎಲ್ಲಾ ಮುಟ್ಟಿ ನೋಡಿದೆ. ಒಂದು ಮಾತ್ರ ಬಿಸಿ ಇತ್ತು, ಅದರ ತುದಿ ಬೆಳ್ಳಗಿದೆ. ಉಳಿದದ್ದೆಲ್ಲ ತಣ್ಣಗಿವೆ. ಒಂದು ಟ್ಯೂಬ್‌ನಿಂದ ಇಷ್ಟು ವ್ಯತ್ಯಾಸ ಬರುತ್ತಾ? ಬಚ್ಚಲಲ್ಲಿ ಬಿಸಿ ನಲ್ಲಿಯಲ್ಲಿ ಬೆಳಿಗ್ಗೆ 41, ತಣ್ಣೀರು 23.

ತಿಪಟೂರು_ಮೇಷ್ಟ್ರು

ಒಂದು ಟ್ಯೂಬ್ ಪೂರ್ತಿ ಕೆಲಸ ನಿಲ್ಲಿಸಿದರೂ ಇಪ್ಪತ್ತರಲ್ಲಿ ಒಂದು ಭಾಗ. ಒಂದೂವರೆ ಡಿಗ್ರಿ ಅಷ್ಟೇ. ವ್ಯಾಕ್ಯೂಮ್ ಹೋದ ಟ್ಯೂಬ್ ರಾತ್ರಿ ಬಿಸಿಯನ್ನು ಹೊರಗೆ ಬಿಡುತ್ತೆ, ಅದನ್ನು ಸೇರಿಸಿದರೂ ಮೂರು ನಾಲ್ಕು ಡಿಗ್ರಿ ಮೀರಲಾರದು. ನಿಮ್ಮದು ಅದಲ್ಲ.

ಈಗ ರಾತ್ರಿ ನಷ್ಟ ಅಳೆಯಿರಿ. ಸಂಜೆ 6ಕ್ಕೆ ಒಮ್ಮೆ, ಬೆಳಿಗ್ಗೆ 6ಕ್ಕೆ ಒಮ್ಮೆ. ನಡುವೆ ಯಾರೂ ಬಿಸಿನೀರು ಬಳಸಬಾರದು. ಟ್ಯಾಂಕಿನ ಸುತ್ತ ಬಿಸಿ ಹಿಡಿದಿಡುವ ಫೋಮ್ ಚೆನ್ನಾಗಿದ್ದರೆ 5ರಿಂದ 8 ಡಿಗ್ರಿ ಇಳಿಯುತ್ತದೆ. 10 ದಾಟಿದರೆ ಫೋಮ್ ಒಳಗೆ ನೀರು ಸೇರಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ, ಇಲ್ಲವೇ ಬಿಸಿನೀರು ರಾತ್ರಿ ವಾಪಸ್ ಹರಿಯುತ್ತಿದೆ.

ಬಂಗಾರಪೇಟೆ_ಬೋರ್‌ನೀರು

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮದು ಪ್ಲೇಟ್ ಸೋಲಾರ್, ತಾಮ್ರದ ಪೈಪಿನದು. ಬೋರ್ ನೀರು. ನಮ್ಮ ಕೋಲಾರ ಜಿಲ್ಲೆಯ ಬೋರ್ ನೀರು ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು, ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ನಿಲ್ಲುತ್ತೆ. ವರ್ಷ ವರ್ಷ ಬಿಸಿ ಕಮ್ಮಿಯಾಗ್ತಾ ಬಂದಿದೆ. ಫೆಬ್ರವರಿ ಬಿಸಿಲಲ್ಲೂ ಈಗ 20 ಡಿಗ್ರಿ ಏರಿದರೆ ಹೆಚ್ಚು. ಇದಕ್ಕೂ ಅಳೆಯುವ ದಾರಿ ಇದೆಯಾ?

ಮಾಲೂರು_ಪ್ಲಂಬರ್

ಅಣ್ಣ, ನಿಮ್ಮದು ಉಪ್ಪು ಕಟ್ಟಿರೋದು. ನೀರಲ್ಲಿ ಕರಗಿರೋ ಸುಣ್ಣ ಬಿಸಿ ಆದ ಜಾಗದಲ್ಲೇ ಕೂರುತ್ತೆ. ಪ್ಲೇಟ್ ಒಳಗಿನ ತಾಮ್ರದ ಪೈಪ್ ಅರ್ಧ ಇಂಚಿಂದು, ಅದು ಕಿರಿದಾಗುತ್ತಾ ಹೋಗುತ್ತೆ. ಪ್ಲೇಟ್ ಸೋಲಾರ್‌ನಲ್ಲಿ ಮೋಟಾರ್ ಇಲ್ಲವಲ್ಲ, ಬಿಸಿನೀರು ಹಗುರ ಅಂತ ತಾನಾಗೇ ಮೇಲೆ ಹೋಗಬೇಕು. ಸ್ವಲ್ಪ ಅಡ್ಡ ಬಂದರೂ ನಿಧಾನ ಆಗುತ್ತೆ.

ಮಧ್ಯಾಹ್ನ 12ಕ್ಕೆ ಎರಡು ಪೈಪ್ ಮುಟ್ಟಿ ನೋಡಿ. ಪ್ಲೇಟಿನ ಮೇಲ್ಗಡೆಯಿಂದ ಟ್ಯಾಂಕಿಗೆ ಹೋಗೋದು, ಟ್ಯಾಂಕಿಂದ ಪ್ಲೇಟಿನ ಕೆಳಗೆ ಬರೋದು. ಮೇಲಿನದು ಬಿಸಿ, ಕೆಳಗಿನದು ಹೆಚ್ಚುಕಡಿಮೆ ತಣ್ಣೀರಷ್ಟು ಇದ್ದು, ನಿಧಾನಕ್ಕೆ ಸಂಜೆ ಹೊತ್ತಿಗೆ ಎರಡೂ ಬಿಸಿ ಆದರೆ ಸರಿ ಇದೆ. ಮೇಲಿನದು ಕೈ ಸುಡುವಷ್ಟಿದ್ದು ಟ್ಯಾಂಕ್ ನೀರು ಮಾತ್ರ ಏರ್ತಾ ಇಲ್ಲ ಅಂದರೆ ಓಡಾಟ ಕಟ್ಟಿದೆ. ಉಪ್ಪು ಇರಬಹುದು, ಗಾಳಿ ಸಿಕ್ಕಿರಬಹುದು. ಟ್ಯಾಂಕಿನ ತಳ ಪ್ಲೇಟಿನ ಮೇಲಂಚಿಗಿಂತ ಮೇಲೆ ಇರಬೇಕು, ಸುಮಾರು ಒಂದಡಿ. ಇಲ್ಲ ಅಂದರೆ ರಾತ್ರಿ ಉಲ್ಟಾ ಹರಿಯುತ್ತೆ. ಮೇಷ್ಟ್ರು ಹೇಳಿದ ವಾಪಸ್ ಹರಿಯೋದು ಅದೇ.

ಗೌರಿಬಿದನೂರು_ಸರ್ಕ್ಯೂಟ್

ಕೈಯಲ್ಲಿ ಮುಟ್ಟೋದು ಸಾಕು ಮಾಡಿ ಮಹನೀಯರೇ. ಡಿಎಸ್18ಬಿ20 ಅಂತ ಒಂದು ಸೆನ್ಸರ್ ಇದೆ, ಸ್ಟೀಲ್ ಕೊಳವೆಯೊಳಗೆ ಕೂರಿಸಿ ವೈರ್ ಸಮೇತ ಸಿಗುತ್ತೆ. ಅರ್ಧ ಡಿಗ್ರಿ ಆಚೀಚೆ ಸರಿಯಾಗಿ ತೋರಿಸುತ್ತೆ. ಒಂದು ಇಎಸ್‌ಪಿ32 ಬೋರ್ಡ್ (ಸೆನ್ಸರ್ ಅಂಕಿ ಓದುವ ಪುಟ್ಟ ಕಂಪ್ಯೂಟರ್), 4.7 ಕಿಲೋಓಮ್ ರೆಸಿಸ್ಟರ್ ಒಂದು. ಮೂರು ಸೆನ್ಸರ್ ಒಂದೇ ವೈರಿಗೆ ಪೋಣಿಸಬಹುದು. ಒಂದು ತಣ್ಣೀರು ಒಳಗೆ ಹೋಗುವ ಪೈಪಿಗೆ, ಒಂದು ಟ್ಯಾಂಕಿನಿಂದ ಬಿಸಿನೀರು ಹೊರಬರುವ ಪೈಪಿಗೆ, ಒಂದು ಬಚ್ಚಲ ಹತ್ತಿರ. ಪೈಪಿಗೆ ಅಂಟಿಸಿ ಕಟ್ಟಿ, ಅದರ ಮೇಲೆ ಫೋಮ್ ಸುತ್ತಿ. ಬರಿದಾಗಿ ಬಿಟ್ಟರೆ ಅದು ನೀರನ್ನಲ್ಲ, ಬಿಸಿಲನ್ನು ಅಳೆಯುತ್ತೆ.

ಒಂದು ಎಚ್ಚರ. ಈ ಸೆನ್ಸರ್‌ಗೆ ಕರೆಂಟ್ ಸರಿಯಾಗಿ ಸಿಗದೆ ಮತ್ತೆ ಶುರುವಾದರೆ ನೇರ 85 ಅಂತ ತೋರಿಸುತ್ತೆ. ಬೇರೆ ಕಡೆ ಆಗಿದ್ದರೆ ತಪ್ಪು ಅಂತ ತಕ್ಷಣ ಗೊತ್ತಾಗುತ್ತೆ. ಸೋಲಾರ್‌ನಲ್ಲಿ ಬೇಸಿಗೆ ಮಧ್ಯಾಹ್ನ 85 ಬರುವುದೂ ಉಂಟು! ಹಾಗಾಗಿ ಒಂದೇ ಸಲ 52ರಿಂದ 85ಕ್ಕೆ ಹಾರಿ ಮತ್ತೆ 52 ಆದರೆ ಅದು ನೀರಲ್ಲ, ವೈರು. ಮೈನಸ್ 127 ಬಂದರೆ ಕನೆಕ್ಷನ್ ಬಿಟ್ಟಿದೆ.

ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡಿರುವವರಿಗೆ: ಹೊಳೆಯುವ ಪೈಪಿನ ಮೇಲೆ, ಟ್ಯಾಂಕಿನ ತಗಡಿನ ಮೇಲೆ ಅದು ಸುಳ್ಳು ಹೇಳುತ್ತೆ. ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಗುರಿ ಇಡಿ.

ಬೈಪಾಸ್_ಬಾಬು

ನೀರು ಕಾಯಿಸೋಕೆ ಕಂಪ್ಯೂಟರ್. ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಪಾರ್ಕ್ ನೋಡಿಕೊಳ್ಳುವವರಿಗೂ ಇಷ್ಟು ತಲೆಬಿಸಿ ಇರಲಾರದು.

ಗೌರಿಬಿದನೂರು_ಸರ್ಕ್ಯೂಟ್

ಅವರಿಗೆ ನಿಮಗಿಂತ ಜಾಸ್ತಿ ಸೆನ್ಸರ್ ಇರುತ್ತೆ ಬಾಬಣ್ಣ.

ಚಿಂತಾಮಣಿ_ಗೃಹಿಣಿ

ಸರ್ಕ್ಯೂಟ್ ಅವರೇ, ಒಂದು ಸಂಶಯ. ಹೊರಬರುವ ಪೈಪಿಗೆ ಕಟ್ಟಿದ ಸೆನ್ಸರ್ ನೀರು ಹರಿಯದಿದ್ದಾಗ ಏನು ತೋರಿಸುತ್ತೆ? ಪೈಪ್ ತಣ್ಣಗಾಗಿರುತ್ತಲ್ಲ?

ಗೌರಿಬಿದನೂರು_ಸರ್ಕ್ಯೂಟ್

ಸರಿಯಾಗಿ ಹಿಡಿದಿರಿ ಅಕ್ಕ. ನೀರು ಹರಿಯುತ್ತಿರುವಾಗ ಬಂದ ಅಂಕಿ ಮಾತ್ರ ನಂಬಬೇಕು. ಗ್ರಾಫ್‌ನಲ್ಲಿ ಚೂಪಾಗಿ ಏರಿದ ಗೋಪುರದ ತುದಿ ನೋಡಿ, ಉಳಿದದ್ದು ಬಿಡಿ. ಟ್ಯಾಂಕಿನೊಳಗೂ ಮೇಲೆ ಬಿಸಿ, ಕೆಳಗೆ ತಣ್ಣಗೆ ಪದರ ಪದರವಾಗಿ ನಿಂತಿರುತ್ತೆ. ಒಂದು ಸೆನ್ಸರ್‌ನಿಂದ ಇಡೀ ಟ್ಯಾಂಕಿನ ಲೆಕ್ಕ ಸಿಗಲ್ಲ.

ಶಿರಾಗೇಟ್_ತುಮಕೂರು

ಸರ್ಕ್ಯೂಟ್ ಅವರ ಬೋರ್ಡ್ ನನ್ನ ಕೈಲಿ ಆಗಲಿಲ್ಲ. ಚುಚ್ಚುವ ಥರ್ಮಾಮೀಟರನ್ನೇ ತಾರಸಿಯಲ್ಲಿ ಬಿಸಿನೀರು ಹೊರಬರುವ ಪೈಪಿಗೆ ಒತ್ತಿ ಕಟ್ಟಿದೆ, ಮೇಲೆ ಫೋಮ್, ಅದರ ಮೇಲೆ ಹಳೆ ಟವೆಲ್. ಮನೆಯವರಿಗೆ ಕೆಳಗೆ ನಲ್ಲಿ ಬಿಡಲು ಹೇಳಿ ಮೇಲೆ ನಿಂತು ನೋಡಿದೆ. ಸಂಜೆ 59. ರಾತ್ರಿ ಯಾರೂ ಬಿಸಿನೀರು ಮುಟ್ಟಲಿಲ್ಲ. ಬೆಳಿಗ್ಗೆ ಮೇಲೆ 53. ಅದೇ ಹೊತ್ತಿಗೆ ಬಚ್ಚಲ ನಲ್ಲಿಯಲ್ಲಿ 41! ಪೈಪು ಹದಿನೈದು ಮೀಟರ್ ಇರಬಹುದು. ಎರಡು ಬಕೆಟ್ ಬಿಟ್ಟ ಮೇಲೂ 41.

ಮಾಲೂರು_ಪ್ಲಂಬರ್

ಸಿಕ್ತು ನೋಡಿ! ಟ್ಯೂಬೂ ಚೆನ್ನಾಗಿದೆ, ಟ್ಯಾಂಕೂ ಚೆನ್ನಾಗಿದೆ. ಹಾದೀಲಿ ತಣ್ಣೀರು ಸೇರ್ತಾ ಇದೆ.

ಒಂದು ಪರೀಕ್ಷೆ ಮಾಡಿ. ತಾರಸಿಯಲ್ಲಿ ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗೋ ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಕೆಳಗೆ ಬಿಸಿ ನಲ್ಲಿ ತೆಗೆದು ಬಿಡಿ. ಪೈಪಲ್ಲಿದ್ದ ನೀರು ಬಂದು ಸ್ವಲ್ಪ ಹೊತ್ತಲ್ಲಿ ನಿಲ್ಲಬೇಕು. ನಿಲ್ಲದೆ ಬರ್ತಾನೇ ಇದ್ದರೆ ಆ ನೀರು ಸೋಲಾರ್‌ದಲ್ಲ, ತಣ್ಣೀರು ಲೈನಿಂದು. ಎಲ್ಲೋ ಒಂದು ಬಿಸಿ-ತಣ್ಣೀರು ಬೆರೆಸೋ ಮಿಕ್ಸರ್‌ನಲ್ಲಿ ಎರಡು ಲೈನ್ ಕೂಡಿಕೊಂಡಿವೆ. ಪರೀಕ್ಷೆ ಆದ ಮೇಲೆ ವಾಲ್ವ್ ಮತ್ತೆ ತೆಗೆಯೋದು ಮರೀಬೇಡಿ.

ತಿಪಟೂರು_ಮೇಷ್ಟ್ರು

ಎಷ್ಟು ಸೇರುತ್ತಿದೆ ಅಂತಲೂ ಹೇಳಬಹುದು. ತಣ್ಣೀರು 23, ಟ್ಯಾಂಕ್ 53. ನಡುವೆ 30 ಡಿಗ್ರಿ ಅಂತರ. ನಲ್ಲಿಯಲ್ಲಿ 41 ಅಂದರೆ 18 ಏರಿದೆ. 30ಕ್ಕೆ 18. ನೂರು ಲೀಟರ್‌ನಲ್ಲಿ 60 ಸೋಲಾರ್ ನೀರು, 40 ತಣ್ಣೀರು. ಪೈಪಿನಲ್ಲಿ ಕಳೆದುಹೋಗುವ ಒಂದೆರಡು ಡಿಗ್ರಿ ಬಿಟ್ಟರೂ ಇದು ಸಣ್ಣ ಸೋರಿಕೆ ಅಲ್ಲ.

ಶಿರಾಗೇಟ್_ತುಮಕೂರು

ವಾಲ್ವ್ ಮುಚ್ಚಿದರೂ ಬಿಸಿ ನಲ್ಲಿಯಲ್ಲಿ ಧಾರಾಳವಾಗಿ ನೀರು! ನಮ್ಮ ಬಚ್ಚಲುಗಳನ್ನೆಲ್ಲ ನೋಡಿದೆವು, ಏನೂ ಇಲ್ಲ. ಕೆಳಗಿನ ಮನೆಯವರ ಹತ್ತಿರ ಕೇಳಿ ಒಳಗೆ ಹೋದೆವು. ಅಲ್ಲಿನ ಗೋಡೆ ಮಿಕ್ಸರ್‌ಗೆ ಇತ್ತೀಚೆಗೆ ಕೈಶವರ್ ಹಾಕಿಸಿದ್ದಾರೆ, ಹಿಡಿಯಲ್ಲಿ ಒತ್ತಿದರೆ ನೀರು ಬರುವಂಥದ್ದು. ಮಿಕ್ಸರ್‌ನ ಎರಡೂ ತಿರುಗಣೆ ಯಾವಾಗಲೂ ತೆರೆದೇ ಇರುತ್ತವಂತೆ. ಅವರ ಅಜ್ಜಿಗೆ ಮಂಡಿ ನೋವು, ಬೆರಳು ನೋವು. ತಿರುಗಣೆ ಗಟ್ಟಿ ಇದೆ ಅಂತ ಹಿಡಿಯಲ್ಲೇ ನಿಲ್ಲಿಸುತ್ತಾರೆ. ಅದಕ್ಕೆ ಯಾರನ್ನೂ ಬೈಯೋಕೆ ಆಗಲ್ಲ. ಎರಡೂ ತಿರುಗಣೆ ಮುಚ್ಚಿ ಬಂದೆವು, ಮೇಲೆ ನಮ್ಮ ನಲ್ಲಿಯಲ್ಲಿ 51 ಬಂತು.

ಮಾಲೂರು_ಪ್ಲಂಬರ್

ಅದೇ ನಾನು ಹೇಳಿದ್ದು. ಬಿಸಿ ಲೈನ್, ತಣ್ಣೀರು ಲೈನ್ ಎರಡೂ ಒಂದೇ ಓವರ್‌ಹೆಡ್ ಟ್ಯಾಂಕಿಂದ ಇಳೀತವೆ, ಒತ್ತಡ ಸಮ. ಮಿಕ್ಸರ್ ತೆರೆದು ತುದಿ ಮಾತ್ರ ಮುಚ್ಚಿದರೆ ಒಳಗೆ ಸೇತುವೆ ಆಯ್ತು. ನೀವು ಮೇಲೆ ಬಿಸಿ ನಲ್ಲಿ ತಿರುಗಿಸಿದರೆ ಕೆಳಗಿಂದ ತಣ್ಣೀರು ಹತ್ತಿ ಬರುತ್ತೆ. ಅವರು ಫ್ಲಶ್ ಮಾಡಿದರೆ ನಿಮ್ಮ ಬಿಸಿನೀರು ಕಕ್ಕಸಿಗೆ ಹೋಗುತ್ತೆ.

ಅಜ್ಜಿಗೆ ತಿರುಗಿಸು ಅಂತ ಹೇಳ್ಬೇಡಿ ಅಣ್ಣ. ಆ ಮಿಕ್ಸರ್‌ಗೆ ಬರೋ ಎರಡೂ ಪೈಪಿಗೆ ಒಂದೊಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿ, ನೀರನ್ನು ಒಂದೇ ಕಡೆಗೆ ಬಿಡುವಂಥದ್ದು. ಆಮೇಲೆ ಅವರು ಹೇಗೆ ಬಿಟ್ಟರೂ ಚಿಂತೆ ಇಲ್ಲ. ಗಡಸು ನೀರಲ್ಲಿ ಆ ವಾಲ್ವ್ ಕೂಡ ಉಪ್ಪು ಹಿಡಿದು ತೆರೆದೇ ನಿಲ್ಲುತ್ತೆ, ವರ್ಷಕ್ಕೊಮ್ಮೆ ಮುಚ್ಚಿ-ನೋಡೋ ಪರೀಕ್ಷೆ ಮಾಡಿ. ನಿಮ್ಮದು ಹೇಮಾವತಿ ನೀರಾದರೆ ಅಷ್ಟು ಬೇಗ ಹಿಡಿಯಲ್ಲ.

ಬೈಪಾಸ್_ಬಾಬು

ಟ್ಯೂಬ್ ಸೆಟ್ಟಿನ ದುಡ್ಡು ಉಳೀತಲ್ಲ. ಕ್ಯಾತ್ಸಂದ್ರದಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಿ. ಹಂಡೆ ಒಲೆ ವಿಚಾರ ಮಾತ್ರ ನಾನು ವಾಪಸ್ ತಗೊಳ್ಳಲ್ಲ.

ಶಿರಾಗೇಟ್_ತುಮಕೂರು

ಬನ್ನಿ ಬಾಬಣ್ಣ, ಖಂಡಿತ. ಆ ಒಂದು ಹೋದ ಟ್ಯೂಬ್ ಬದಲಾಯಿಸಬೇಕಲ್ಲ, ಅದನ್ನು ಯಾವಾಗ ಮಾಡಿಸಲಿ?

ಮಾಲೂರು_ಪ್ಲಂಬರ್

ಬೆಳಿಗ್ಗೆ ಬಿಸಿಲು ಏರೋ ಮುಂಚೆ. ಟ್ಯಾಂಕ್ ಖಾಲಿ ಮಾಡಿಯೇ ಟ್ಯೂಬ್ ತೆಗೀಬೇಕು. ಬಿಸಿಲಲ್ಲಿ ಒಣಗಿ ನಿಂತ ಟ್ಯೂಬಿಗೆ ತಣ್ಣೀರು ಬಿಟ್ಟರೆ ಚಟ್ ಅಂತ ಒಡೆಯುತ್ತೆ, ಒಂದಲ್ಲ, ಸಾಲಾಗಿ. ಮಧ್ಯಾಹ್ನ ಬರ್ತೀನಿ ಅನ್ನೋರನ್ನು ಸೇರಿಸಬೇಡಿ. ಹೇಗೂ ಖಾಲಿ ಮಾಡ್ತೀರಿ, ಟ್ಯೂಬಿನ ತಳದಲ್ಲಿ ಎಷ್ಟು ಕೆಸರು, ಸುಣ್ಣ ಇದೆ ಅಂತ ಅದೊಂದರಲ್ಲಿ ನೋಡಿಕೊಳ್ಳಿ. ಜಾಸ್ತಿ ಇದ್ದರೆ ಮಿಕ್ಕಿದ್ದನ್ನೂ ತೊಳೆಸಿ.

ಬಂಗಾರಪೇಟೆ_ಬೋರ್‌ನೀರು

ನಾನು ಪೈಪ್ ಮುಟ್ಟಿ ನೋಡಿದೆ. ಮೇಲಿನದು ಕೈ ಇಡೋಕೆ ಆಗಲ್ಲ, ಟ್ಯಾಂಕ್ ನೀರು ಸಂಜೆ 44. ಉಪ್ಪೇ ಇರಬೇಕು. ಆಸಿಡ್ ಹಾಕಿ ತೊಳೀತೀವಿ ಅಂತಾರೆ, ಹಾಕಿಸಬಹುದಾ?

ಮಾಲೂರು_ಪ್ಲಂಬರ್

ಮೊದಲು ಗಾಳಿ ಸಿಕ್ಕಿದೆಯಾ ನೋಡಿ. ಗಾಳಿ ಹೊರಗೆ ಹೋಗೋ ಏರ್ ವೆಂಟ್ ಪೈಪ್ ತುದಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಬಾಯಿ ಕಟ್ಟಿರಬಾರದು. ಕಣಜ ಗೂಡು ಕಟ್ಟಿರೋದೂ ಉಂಟು. ಅದು ಸರಿ ಇದ್ದರೆ ಉಪ್ಪೇ. ಆಸಿಡ್ ಅಂದರೆ ಬಾತ್‌ರೂಮ್ ತೊಳೆಯೋ ಸ್ಟ್ರಾಂಗ್ ಆಸಿಡ್ ಅಲ್ಲ, ಅದು ಉಪ್ಪಿನ ಜೊತೆ ಪೈಪನ್ನೂ ತಿನ್ನುತ್ತೆ. ಟ್ಯಾಂಕಿಂದ ಪ್ಲೇಟ್ ಬಿಡಿಸಿ, ಪ್ಲೇಟಿನೊಳಗೆ ಮಾತ್ರ ತೆಳುವಾದ ದ್ರಾವಣ ಓಡಿಸಿ, ಬುರುಗು ನಿಂತ ತಕ್ಷಣ ಒಳ್ಳೆ ನೀರಲ್ಲಿ ತೊಳೀಬೇಕು. ಟ್ಯಾಂಕಿಗೆ ಹಾಕ್ತೀನಿ ಅಂದರೆ ಬೇಡ ಅನ್ನಿ. ತೊಳೆಸೋ ಹಿಂದಿನ ಬಿಸಿಲಿನ ದಿನ ಎಷ್ಟು ಏರಿತ್ತು ಬರೆದಿಡಿ, ತೊಳೆಸಿದ ಮೇಲಿನ ಬಿಸಿಲಿನ ದಿನ ಎಷ್ಟು ಏರಿತು ನೋಡಿ, ಆಮೇಲೆ ದುಡ್ಡು ಕೊಡಿ.

ಚಿಂತಾಮಣಿ_ಗೃಹಿಣಿ

"ಬಿ" ಅಂತ ಬರೆದುಕೊಳ್ಳಿ ಅಣ್ಣ, ಎರಡೂ ದಿನಕ್ಕೆ. ಇಲ್ಲ ಅಂದರೆ ತೊಳೆದವರು ಮತ್ತೆ "ಮೋಡ ಸರ್" ಅಂತಾರೆ.

ಬಂಗಾರಪೇಟೆ_ಬೋರ್‌ನೀರು

ಆಯ್ತಕ್ಕ. ಈ ಭಾನುವಾರ ವೆಂಟ್ ಪೈಪ್ ನೋಡ್ತೀನಿ, ಸೋಮವಾರ ಅಂಕಿ ಹಾಕ್ತೀನಿ ಇಲ್ಲೇ.